ರಾಜಕುಮಾರಿಯ ಜೊತೆಗೆ ಹೋದವಳು

ಆಕಾಶದಲ್ಲಿ

ನೈರೋಬಿಗೆ ಹೋಗಿ ಬಂದೆ ಎಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸಿಂಹ ನೋಡಿದಿರಾ? ನೋಡಲಿಲ್ಲ. ಊರಿನ ಅಂಚಿನಲ್ಲೇ ಸಿಂಹಗಳಿರುವ ಕಾಡಿದೆ, ಬೆಳಗ್ಗೆ ಹೋಗಿ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು ಎಂದು ಎಲ್ಲರೂ ಹೇಳಿದರು. ನನಗೆ ಪುರಸೊತ್ತಾಗಲಿಲ್ಲ. ಅಲ್ಲಿದ್ದ ಎರಡು ವಾರದಲ್ಲಿ ಮೊದಲ ವಾರ ಸಿಟ್ಟು ಬರಬೇಕಾದ ಕಡೆಯೆಲ್ಲ ಸಿಟ್ಟು ಬಾರದೆ ಪೆದ್ದಿಯ ಹಾಗೆ ತಿರುಗಾಡಿದೆ. ಎರಡನೆಯ ವಾರ ಪೂರ್ತಿ ಕುದಿಯುತ್ತಿದ್ದೆ. ಊರಿಗೆ ಬಂದು ತಿಂಗಳಾಗಿದೆ, ಇನ್ನೂ ಆರಿಲ್ಲ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ನನಗೆ ಇಬ್ಬರು ತಮ್ಮಂದಿರು. ದೊಡ್ಡವನು ರಘು, ಟೆಲಿಕಾಂ ಕಂಪನಿಯವರು ಕಳಿಸಿ ಹದಿನೈದು ವರ್ಷದಿಂದ ನೈರೋಬಿಯಲ್ಲಿದ್ದಾನೆ. ಚಿಕ್ಕವನು ಶಂಕರ, ಕೊಳ್ಳೇಗಾಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ರಘು ಒಂದು ದಿನ ಫೋನ್ ಮಾಡಿ, ಅಲ್ಲಿನ ಕನ್ನಡದವರು ಆಗಾಗ ಸೇರುತ್ತಾರೆಂದೂ ನಾನು ಬಂದು ಒಂದು ಭಾಷಣ ಮಾಡಬೇಕೆಂದೂ ಕರೆದ. "ಬರೋವಾಗ ಶಂಕರನ ಮಗಳು ಪಾವನೀನೂ ಕರ್ಕೊಂಡು ಬಾ ಅಕ್ಕ. ಪಾಪ, ಆ ಮಗು ಎಲ್ಲೂ ಹೋಗಿಲ್ಲ, ನಾಕು ಜಾಗ ನೋಡ್ಲಿ" ಎಂದ. ತಮ್ಮನ ದೊಡ್ಡ ಮನಸ್ಸಿಗೆ ನನ್ನ ಕಣ್ಣು ತುಂಬಿ ಬಂತು. ಇವತ್ತು ಅದನ್ನು ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಪಾವನಿಗೆ ಇಪ್ಪತ್ನಾಲ್ಕು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಾತು ಕಡಿಮೆ, ನೋಟ ಜಾಸ್ತಿ. ಮುಂಬೈಯಲ್ಲಿ ವಿಮಾನ ಹತ್ತಿ ಕಿಟಕಿಯ ಪಕ್ಕ ಕೂತವಳು ಸಮುದ್ರ ಕಾಣಿಸುವಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಆಮೇಲೆ ಮೋಡ ಬಿಟ್ಟರೆ ಬೇರೇನೂ ಇಲ್ಲದಾಗ, "ಅತ್ತೆ, ನಿಮ್ಮ ಭಾಷಣ ಯಾವುದರ ಬಗ್ಗೆ?" ಎಂದು ಕೇಳಿದಳು. ಮೇಷ್ಟ್ರ ಜಾತಿಯವರನ್ನು ಈ ಪ್ರಶ್ನೆ ಕೇಳಬಾರದು. ಇಳಿಯುವವರೆಗೂ ನಾನು ನಿಲ್ಲಿಸಲಿಲ್ಲ.

ವಿಷಯ ನಾನೇ ಆರಿಸಿಕೊಂಡದ್ದು. ಸುಮಾರು ಸಾವಿರದ ನಾನೂರು ವರ್ಷಗಳ ಹಿಂದೆ ಚೀನಾದ ಚಕ್ರವರ್ತಿಗಳಿಗೆ ಉತ್ತರದ ತುರ್ಕರೆಂದರೆ ಭಯ. ಇವರು ಈಗಿನ ಟರ್ಕಿ ದೇಶದವರಲ್ಲ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಡೇರೆ ಹಾಕಿಕೊಂಡು ಬಾಳುತ್ತಿದ್ದ ಕುದುರೆ ಸವಾರರು. ಅವರ ದೊರೆಯನ್ನು ಕಗಾನ ಎನ್ನುತ್ತಿದ್ದರು. ಕಗಾನ ದಂಡೆತ್ತಿ ಬರದಿರಲಿ ಎಂದು ಚೀನಾದವರು ಅವನಿಗೆ ರೇಷ್ಮೆ ಕಳಿಸುತ್ತಿದ್ದರು, ಒಮ್ಮೊಮ್ಮೆ ರೇಷ್ಮೆಯ ಜೊತೆ ಒಬ್ಬ ಹೆಂಡತಿಯನ್ನೂ. ಚಕ್ರವರ್ತಿ ಸ್ವಂತ ಮಗಳನ್ನು ಕಳಿಸುವುದು ತೀರಾ ಅಪರೂಪ. ಅಣ್ಣನದೋ ತಮ್ಮನದೋ ದಾಯಾದಿಯದೋ ಮಗಳೊಬ್ಬಳನ್ನು ಹುಡುಕಿ, ಅವಳಿಗೆ ರಾಜಕುಮಾರಿ ಎಂಬ ಬಿರುದು ಕೊಟ್ಟು, ಇವಳೂ ನಮ್ಮ ಮಗಳೇ ಎಂದು ಗಾಡಿ ಹತ್ತಿಸುತ್ತಿದ್ದರು.

ಹಾಗೆ ಹೋದ ಒಬ್ಬಳ ಕಥೆಯನ್ನು ಪಾವನಿಗೆ ಹೇಳಿದೆ. ಅವಳನ್ನು ಕಳಿಸಿದ ಸ್ವಲ್ಪ ಕಾಲಕ್ಕೆ ಅವಳ ವಂಶದ ಸಿಂಹಾಸನವನ್ನು ಇನ್ನೊಬ್ಬ ಕಿತ್ತುಕೊಂಡು ಅವಳ ತಂದೆಯನ್ನೂ ಬಂಧುಗಳನ್ನೂ ಕೊಲ್ಲಿಸಿದ. ಸೇಡು ತೀರಿಸು ಎಂದು ಅವಳು ಗಂಡನನ್ನು ಯುದ್ಧಕ್ಕೆ ಹೊರಡಿಸಿದಳು. ಗಂಡ ಸೋತ. ಆಗ ಸಂಧಿಯಾಯಿತು. ಏನು ಸಂಧಿ? ಅಪ್ಪನನ್ನು ಕೊಂದವನನ್ನೇ ಅವಳು ಅಪ್ಪ ಎಂದು ಒಪ್ಪಿಕೊಂಡು ಅವನ ಮನೆತನದ ಹೆಸರನ್ನೇ ಹೊರಬೇಕಾಯಿತು. ಗಂಡ ಸತ್ತ ಮೇಲೆ ಪಟ್ಟಕ್ಕೆ ಬಂದವನಿಗೆ, ಅವನೂ ಸತ್ತ ಮೇಲೆ ಮತ್ತೊಬ್ಬನಿಗೆ ಹೆಂಡತಿಯಾದಳು. ಅಲ್ಲಿನ ಪದ್ಧತಿ ಹಾಗಿತ್ತು. ಕೊನೆಗೆ ಚಾಡಿ ಹೇಳಿಸಿ ಆ ಮೂರನೆಯ ಗಂಡನ ಕೈಯಿಂದಲೇ ಅವಳನ್ನು ಕೊಲ್ಲಿಸಿದ್ದೂ ಚೀನಾದ ಆಸ್ಥಾನವೇ.

"ಅವಳ ಹೆಸರೇನತ್ತೆ?" ಎಂದಳು ಪಾವನಿ.

"ಬಿರುದು ಗೊತ್ತು. ಹೆಸರು ಯಾರೂ ಬರೆದಿಟ್ಟಿಲ್ಲ."

"ಹೊರಡೋವಾಗ ಅವಳಿಗೆ ಹೇಳಿದ್ರಂತಾ, ಎಲ್ಲಿಗೆ ಹೋಗ್ತಿದೀಯ ಅಂತ?"

"ಹೇಳದೆ ಇರ್ತಾರಾ? ಜೊತೇಲಿ ರಾಯಭಾರಿ ಬೇರೆ ಇರ್ತಿದ್ದ" ಎಂದೆ. ನನ್ನ ಪಕ್ಕದ ಸೀಟಿನಲ್ಲಿ ಕೂತ ಹುಡುಗಿಗೆ ಇಷ್ಟು ಖಚಿತವಾಗಿ ಉತ್ತರ ಕೊಟ್ಟ ವಿದ್ವಾಂಸೆ ನಾನು.

ಸುಂಕದವರ ಮೇಜು

ನೈರೋಬಿಯಲ್ಲಿ ಇಳಿದ ಕೂಡಲೇ ಒಂದು ಎಡವಟ್ಟು. ರಘುವಿನ ಹೆಂಡತಿ ಮಾಲಿನಿ ಮೈಸೂರಿನಿಂದ ಹನ್ನೊಂದು ರೇಷ್ಮೆ ಸೀರೆ ತರಲು ಹೇಳಿದ್ದಳು. ಹಬ್ಬಕ್ಕೆ, ಉಡುಗೊರೆಗೆ ಎಂದು ಹೇಳಿದ್ದಳು, ನಾನು ತಂದಿದ್ದೆ. ಸುಂಕದ ಮೇಜಿನ ಹಿಂದೆ ನಿಂತಿದ್ದ ದಪ್ಪನೆಯ ಹೆಂಗಸು ಪೆಟ್ಟಿಗೆ ತೆರೆಸಿದಳು. ಒಂದೊಂದೇ ಸೀರೆಯನ್ನು ಎತ್ತಿ, ಅಂಚನ್ನು ಬೆರಳಿನಿಂದ ಸವರಿ, ಆಮೇಲೆ ನನ್ನ ಮುಖ ನೋಡಿ, ಪಾವನಿಯ ಮುಖ ನೋಡಿ, ಬಾಯಿ ತುಂಬ ನಕ್ಕಳು.

"ಹಾರುಸಿ?" ಎಂದಳು. ನನಗೆ ಅರ್ಥವಾಗಲಿಲ್ಲವೆಂದು ಇಂಗ್ಲಿಷಿನಲ್ಲಿ ಕೇಳಿದಳು, ಮದುವೆಯಾ?

ಇಲ್ಲ, ಇಲ್ಲ ಎಂದು ನಾನೂ ನಕ್ಕೆ. ಅವಳು ನಂಬಲಿಲ್ಲ. ಪಾವನಿಯ ಭುಜ ತಟ್ಟಿ ಒಳ್ಳೆಯದಾಗಲಿ ಎಂದು ಸ್ವಾಹಿಲಿಯಲ್ಲಿ ಏನೋ ಹರಸಿ, ಸುಂಕ ಕೇಳದೆ ಪೆಟ್ಟಿಗೆ ಮುಚ್ಚಿದಳು. ಹೊರಗೆ ಬರುವಾಗ ನಾನು ಪಾವನಿಗೆ, ಇಲ್ಲಿಯ ಜನಕ್ಕೆ ಎಷ್ಟು ಕಲ್ಪನೆ ನೋಡು ಎಂದು ತಮಾಷೆ ಮಾಡಿದೆ. ಇತಿಹಾಸದ ಗಂಧಗಾಳಿ ಇಲ್ಲದ ಆ ಹೆಂಗಸಿಗೆ ಎರಡು ನಿಮಿಷದಲ್ಲಿ ತಿಳಿದದ್ದು ನನಗೆ ತಿಳಿಯಲು ಆರು ದಿನ ಬೇಕಾಯಿತು.

ಕಿಲೆಲೆಶ್ವಾ

ರಘುವಿನ ಫ್ಲಾಟು ಕಿಲೆಲೆಶ್ವಾದಲ್ಲಿ, ಐದನೆಯ ಮಹಡಿ. ಹವೆ ಥೇಟ್ ನಮ್ಮ ಮೈಸೂರಿನದು. ಬೆಳಗ್ಗೆ ಶಾಲು, ಮಧ್ಯಾಹ್ನ ಬಿಸಿಲು, ಸಂಜೆ ಮತ್ತೆ ಶಾಲು. ಗೇಟಿನಲ್ಲಿ ಕಾವಲುಗಾರ, ಗೇಟಿನ ಒಳಗೆ ಇನ್ನೊಂದು ಗೇಟು, ಮನೆ ಬಾಗಿಲಿಗೆ ಕಬ್ಬಿಣದ ಜಾಲರಿ. ಅಷ್ಟು ಬೀಗ ದಾಟಿ ಒಳಗೆ ಹೋದರೆ ಒಳ್ಳೆಯ ಫಿಲ್ಟರ್ ಕಾಫಿ ಸಿಗುತ್ತಿತ್ತು.

ಎದುರಿನ ರಸ್ತೆಯಲ್ಲಿ ತರಕಾರಿ ಮಾರುವ ಒಬ್ಬ ಅಜ್ಜಿ ಇದ್ದಳು. ಮೊದಲನೆಯ ದಿನವೇ ನಾನು ಹೋಗಿ, ಟೊಮ್ಯಾಟೊ ತೋರಿಸಿ, ಎಷ್ಟು ಎಂದು ಕೇಳಿದೆ. ಅವಳು ಆಕಾಶ ನೋಡಿದಳು. ಇನ್ನೊಂದು ಸಲ ಕೇಳಿದೆ. ಅವಳು ಸೊಪ್ಪಿಗೆ ನೀರು ಚಿಮುಕಿಸಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ವಾಪಸ್ಸು ಬಂದುಬಿಟ್ಟೆ. ಮನೆಗೆಲಸದ ಮರ್ಸಿ ಬಿದ್ದು ಬಿದ್ದು ನಕ್ಕಳು. ಹೇಗಿದ್ದೀರಿ, ರಾತ್ರಿ ನಿದ್ದೆ ಬಂತೇ, ಮಕ್ಕಳು ಚೆನ್ನಾಗಿದ್ದಾರೆಯೇ ಎಂದು ವಿಚಾರಿಸದೆ ಇಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲವಂತೆ. ಮರುದಿನ ಪಾವನಿ ಹೋಗಿ, "ಹಬಾರಿ, ಮಾಮಾ", ಹೇಗಿದ್ದೀಯಮ್ಮ, ಎಂದು ಶುರು ಮಾಡಿ, ಅಜ್ಜಿಯ ಮಂಡಿನೋವಿನವರೆಗೆ ವಿಚಾರಿಸಿ, ಒಳ್ಳೆಯ ಟೊಮ್ಯಾಟೊ ತಂದಳು. ನಮ್ಮಲ್ಲಿ ನೆಂಟರ ಮನೆಯಲ್ಲೂ ಇಷ್ಟು ವಿಚಾರಿಸಿಕೊಳ್ಳುವುದು ಈಗ ಕಾಣೆ.

ಮನೆಯಲ್ಲಿ ಪಾವನಿಗೆ ರಾಜೋಪಚಾರ. ಮಾಲಿನಿ ಅವಳ ಕೂದಲಿಗೆ ತಾನೇ ಎಣ್ಣೆ ಹಚ್ಚಿದಳು. ರಘು ಆಫೀಸಿನಿಂದ ಬರುತ್ತಲೇ "ಎಲ್ಲಿ ನನ್ನ ದೊಡ್ಡ ಮಗಳು?" ಎನ್ನುತ್ತಿದ್ದ. ನಮ್ಮ ಕಡೆ ಅದು ಸಹಜ. ತಮ್ಮನ ಮಗಳು ಅಣ್ಣನಿಗೆ ಮಗಳೇ, ಬೇರೆ ಎನ್ನುವುದೇ ತಪ್ಪು. ರಘುವಿನ ಸ್ವಂತ ಮಗಳು ಇಶಾ ಮಾತ್ರ ನಮ್ಮೊಂದಿಗೆ ಊಟಕ್ಕೆ ಕೂತರೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಇಪ್ಪತ್ತೆರಡರ ಹುಡುಗಿ, ಇಲ್ಲೇ ಬೆಳೆದವಳು, ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಕನ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡೆ. ಎಲ್ಲ ತಪ್ಪನ್ನೂ ನಾನು ಪೂರ್ಣ ಆತ್ಮವಿಶ್ವಾಸದಿಂದ ಮಾಡಿದ್ದೇನೆ.

ನ್ಗಾರಾ

ನಾಲ್ಕನೆಯ ದಿನ ಮಾಲಿನಿ ನಮ್ಮನ್ನು ರವಿಕೆ ಹೊಲಿಸಲು ನ್ಗಾರಾಕ್ಕೆ ಕರೆದುಕೊಂಡು ಹೋದಳು. ಕಾರು ಬೇಡ, ಮಟಾಟುವಿನಲ್ಲಿ ಹೋಗೋಣ ಎಂದು ನಾನೇ ಹಟ ಮಾಡಿದೆ. ಮಟಾಟು ಎಂದರೆ ಅಲ್ಲಿನ ಬಾಡಿಗೆ ವ್ಯಾನು. ಮೈತುಂಬ ಬಣ್ಣದ ಚಿತ್ರ, ಒಳಗೆ ಎದೆ ನಡುಗಿಸುವ ಹಾಡು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಬಾರಿಸುವ ಏಟಿಗೆ ವ್ಯಾನು ಹೊರಡುತ್ತದೆ, ನಿಲ್ಲುತ್ತದೆ. ನನ್ನ ಕನ್ನಡಕ ಒಂದು ತಿರುವಿನಲ್ಲಿ ಹಾರಿ ಮುಂದಿನವರ ತೊಡೆಯ ಮೇಲೆ ಬಿತ್ತು. ಆ ಮಹಾನುಭಾವ ಅದನ್ನು ತನ್ನ ಅಂಗಿಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ನ್ಗಾರಾದ ಓಣಿಗಳಲ್ಲಿ ನಮ್ಮ ಚಿಕ್ಕಪೇಟೆಯ ವಾಸನೆ. ಬಟ್ಟೆ, ಸ್ಟೀಲ್ ಪಾತ್ರೆ, ಇಂಗು, ಸ್ವಿಚ್ಚು, ಎಲ್ಲವೂ ಸಗಟು. ಮೂರು ತಲೆಮಾರಿನ ಹಿಂದೆ ಬಂದ ಗುಜರಾತಿಗಳು ಗಲ್ಲಾದ ಹಿಂದೆ ಕೂತು ಕೆಲಸದವರೊಂದಿಗೆ ನೀರು ಕುಡಿದ ಹಾಗೆ ಸ್ವಾಹಿಲಿ ಮಾತಾಡುತ್ತಿದ್ದರು. ದರ್ಜಿಯ ಅಂಗಡಿಯಲ್ಲಿ ಮಾಲಿನಿ ಪಾವನಿಯನ್ನು ಮುಂದಕ್ಕೆ ತಳ್ಳಿ, "ನಮ್ಮ ದೊಡ್ಡ ಮಗಳು, ಶನಿವಾರಕ್ಕೆ ಬೇಕೇ ಬೇಕು" ಎಂದಳು. ನಾಲ್ಕು ರವಿಕೆಗೆ ಅಳತೆ ಕೊಟ್ಟದ್ದಾಯಿತು. ಇಶಾಗೆ ಒಂದೂ ಇಲ್ಲ. ಪಾವನಿ ನನ್ನ ಕಡೆ ತಿರುಗಿ, "ಅತ್ತೆ, ನಂಗ್ಯಾಕೆ ನಾಕು?" ಎಂದಳು. "ಪ್ರೀತಿಯಿಂದ ಕೊಡಿಸ್ತಾರೆ, ತಗೋ" ಎಂದೆ. ಅವಳು ಅಳತೆಗೆ ಕೈ ಎತ್ತಿ ನಿಂತಳು.

ಮುಂದಿನ ಬೀದಿಯಲ್ಲಿ ಒಂದು ದೊಡ್ಡ ಮಳಿಗೆ ತೋರಿಸಿ ಮಾಲಿನಿ ದನಿ ತಗ್ಗಿಸಿದಳು. "ಅದು ವಾಸುದೇವ್ ಅವರದ್ದು ಅತ್ತಿಗೆ. ಕರಾವಳಿ ಕಡೆಯೋರು, ನಲವತ್ತು ವರ್ಷದಿಂದ ಇಲ್ಲಿದಾರೆ. ನಮ್ಮನೆಯವರ ಕಂಪನಿ ಪೋಸ್ಟಿಂಗು ಈ ವರ್ಷಕ್ಕೆ ಮುಗೀತು. ವಾಸುದೇವ್ ಅವರು ಪಾರ್ಟ್ನರ್ ಮಾಡ್ಕೋತೀವಿ ಅಂದಿದಾರೆ. ಇಲ್ದಿದ್ರೆ ನಾವು ಗಂಟುಮೂಟೆ ಕಟ್ಬೇಕು." ಶನಿವಾರ ಅವರ ಮನೆಯಲ್ಲೇ ಊಟ ಎಂದೂ ಹೇಳಿದಳು. ಇಷ್ಟೂ ಎಳೆ ಕೈಗೆ ಕೊಟ್ಟರೂ ನನಗೆ ಗಂಟು ಕಾಣಲಿಲ್ಲ. ರಸ್ತೆ ಬದಿ ಸುಟ್ಟ ಜೋಳ ಕೊಂಡು ತಿಂದೆ, ಖಾರದ ಪುಡಿ ಮತ್ತು ನಿಂಬೆಹಣ್ಣು ಹಚ್ಚಿಕೊಟ್ಟರು, ಬಹಳ ಚೆನ್ನಾಗಿತ್ತು.

ಸ್ಪ್ರಿಂಗ್ ವ್ಯಾಲಿ

ಶನಿವಾರ ಪಾವನಿ ಹೊಸ ಸೀರೆ ಉಟ್ಟಳು. ವಾಸುದೇವ್ ಅವರ ಮನೆ ಸ್ಪ್ರಿಂಗ್ ವ್ಯಾಲಿಯಲ್ಲಿ, ರಸ್ತೆಯಿಂದ ಮನೆ ಕಾಣಿಸದಷ್ಟು ಮರ. ಹುಲ್ಲುಹಾಸಿನ ಮೇಲೆ ಉದ್ದ ಕೊಕ್ಕಿನ ಹಕ್ಕಿಗಳು ಮನೆ ಯಜಮಾನರ ಹಾಗೆ ಓಡಾಡುತ್ತಿದ್ದವು. ವಾಸುದೇವ್ ಒಳ್ಳೆಯ ಮಾತಿನ ಮನುಷ್ಯ. ಅವರ ಹೆಂಡತಿ ಸರೋಜಮ್ಮ ನನ್ನ ಕೈ ಹಿಡಿದು, "ಬನ್ನಿ ಬನ್ನಿ, ನೀವೇ ಅಲ್ವಾ ಕರ್ಕೊಂಡು ಬಂದದ್ದು? ತುಂಬ ಉಪಕಾರ ಆಯ್ತು ಮಾರಾಯ್ರೆ" ಎಂದರು. ಏನು ಉಪಕಾರ ಎಂದು ನಾನು ಯೋಚಿಸುತ್ತಿರುವಾಗಲೇ ಅವರ ಮಗ ಕಿರಣ್ ಬಂದು ಕೂತ. ಮೂವತ್ತಾರು ಮೂವತ್ತೇಳು ಇರಬಹುದು. ಒಮ್ಮೆ ಮದುವೆಯಾಗಿ ಬಿಟ್ಟವನು ಎಂದು ಆಮೇಲೆ ತಿಳಿಯಿತು. ಸಾಧು ಮನುಷ್ಯ, ಬೆವರುತ್ತಿದ್ದ.

ಸರೋಜಮ್ಮ ಪಾವನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಡುಗೆ ಬರುತ್ತದೆಯೇ, ಚಳಿ ತಡೆಯುತ್ತದೆಯೇ, ಇಲ್ಲಿ ಒಂಟಿ ಅನಿಸುವುದಿಲ್ಲವಷ್ಟೆ ಎಂದು ಕೇಳತೊಡಗಿದರು. ನಾಲ್ಕು ದಿನಕ್ಕೆಂದು ಬಂದು ಹೋಗುವ ನೆಂಟರನ್ನು ಯಾರೂ ಹೀಗೆ ಕೇಳುವುದಿಲ್ಲ. ಪಾವನಿಯ ಕಣ್ಣು ನನ್ನನ್ನು ಹುಡುಕಿತು. ಆಗ, ಕೊನೆಗೂ, ನನ್ನ ಮಂಡೆಯೊಳಗೆ ಏನೋ ಕದಲಿತು. ಎದ್ದು ತೋಟಕ್ಕೆ ಹೋದೆ. ಅಲ್ಲಿ ಇಶಾ ಒಬ್ಬಳೇ ನಿಂತಿದ್ದಳು.

"ಅತ್ತೆ, ಯೂ ರಿಯಲೀ ಡೋಂಟ್ ನೋ?" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ನನಗೆ ಅರ್ಥವಾಗಲೆಂದು ಆ ಹುಡುಗಿ ಅವತ್ತು ಮೊದಲ ಸಲ ಕನ್ನಡದಲ್ಲಿ ಹೇಳಿದಳು, ತಡವರಿಸಿಕೊಂಡು. "ಕಿರಣ್‌ನ ಮದುವೆ ಆಗ್ತೀಯಾ ಅಂತ ಫಸ್ಟ್ ನನ್ನ ಕೇಳಿದ್ರು. ನಾನು ನೋ ಅಂದೆ, ತುಂಬ ಅತ್ಬಿಟ್ಟೆ. ಅಪ್ಪ, ಓಕೆ, ನಿಂಗೆ ಬೇಡ ಅಂದ್ರೆ ಬೇಡ ಅಂದ್ರು. ನೆಕ್ಸ್ಟ್ ಡೇ ಚಿಕ್ಕಪ್ಪಂಗೆ ಫೋನ್ ಮಾಡಿದ್ರು."

ನಾನು ಅಲ್ಲೇ ಒಂದು ಕಲ್ಲುಬೆಂಚಿನ ಮೇಲೆ ಕೂತೆ. ಸ್ವಂತ ಮಗಳು ಅತ್ತರೆ ಬಿಡಬಹುದು, ತಮ್ಮನ ಮಗಳು ಇದ್ದಾಳಲ್ಲ. ರೇಷ್ಮೆಯ ಗಂಟು ಸಮೇತ ಅವಳನ್ನು ಕರೆದುಕೊಂಡು ಸಮುದ್ರ ದಾಟಿಸಿದವಳು ಯಾರು? ಈ ವಿಷಯದ ಮೇಲೆ ನಲವತ್ತು ಪುಟ ಟಿಪ್ಪಣಿ ಬರೆದುಕೊಂಡ ನಾನು. ಅವಳ ಪಕ್ಕದಲ್ಲೇ ಕೂತು ಅವಳಿಗೇ ಅದನ್ನು ಓದಿ ಹೇಳಿದ ನಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆಮೇಲೆ ಸಿಟ್ಟು ಬಂತು.

ಮತ್ತೆ ಕಿಲೆಲೆಶ್ವಾ

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆದೆ. ಪಾವನಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಇದಕ್ಕಾ ನನ್ನ ಕರೆಸಿದ್ದು? ನಿನ್ನ ಮಗಳು ಅತ್ಲು ಅಂತ ಶಂಕರನ ಮಗಳನ್ನ ಹಿಡಿದು ಕೊಡ್ತೀಯಾ?"

"ಕೊಡೋದು ಅಂತೆಲ್ಲ ಯಾಕಕ್ಕ ದೊಡ್ಡ ಮಾತು? ಒಳ್ಳೆ ಮನೆ. ಕೊಳ್ಳೇಗಾಲದಲ್ಲಿ ಅವಳಿಗೆ ಇಂಥ ಸಂಬಂಧ ಬರುತ್ತಾ? ಶಂಕರನ ಮಕ್ಕಳು ಬೇರೆ, ನನ್ನ ಮಕ್ಕಳು ಬೇರೆ ಅಂತ ಅಮ್ಮ ನಮ್ಮನ್ನ ಬೆಳೆಸಿದ್ರಾ? ನನ್ನ ಮಗಳೇ ಅಂತ ನಾನು ನಿಂತು ಮಾಡ್ತೀನಿ."

"ನಿನ್ನ ಮಗಳು ಬೇಡ ಅಂದ್ರೆ ಬಿಡ್ತೀಯ. ಇವಳಿಗೆ ಸುದ್ದೀನೇ ಹೇಳಲ್ಲ. ಇದ್ಯಾವ ಸೀಮೆ ಮಗಳೋ?"

ಅವನು ಸೋಫಾದ ಮೇಲೆ ಕುಸಿದು ಕೂತ. ಐವತ್ತೈದು ವರ್ಷದ ಮನುಷ್ಯ, ಮುಖದಲ್ಲಿ ರಕ್ತವಿರಲಿಲ್ಲ. "ಅಕ್ಕ, ಈ ವಯಸ್ಸಲ್ಲಿ ಬೆಂಗಳೂರಿಗೆ ಹೋಗಿ ಯಾರ ಮುಂದೆ ಕೈ ಕಟ್ಟಿ ನಿಲ್ಲಲಿ? ನಾನು ಕೆಟ್ಟೋನಲ್ಲ ಕಣೇ" ಎಂದ. ಕೆಟ್ಟವನಲ್ಲ, ನನಗೆ ಗೊತ್ತು. ಚಕ್ರವರ್ತಿಗಳೂ ಮನೆಯಲ್ಲಿ ಒಳ್ಳೆಯ ಅಪ್ಪಂದಿರೇ ಆಗಿದ್ದಿರಬೇಕು. ಅದರಿಂದ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಶಂಕರನಿಗೆ ಫೋನ್ ಮಾಡಿದೆ. ಅವನಿಗೆ ಎಲ್ಲ ಗೊತ್ತಿತ್ತು. "ಅಣ್ಣ ಹೇಳಿದ್ಮೇಲೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ಅಕ್ಕ. ನೋಡಿದ್ಮೇಲೆ ಅವಳೇ ಒಪ್ಕೋತಾಳೆ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕರ್ಕೊಂಡು ಹೋಗ್ತಿದ್ಯಾ? ನೀನು ಜೊತೇಲಿದ್ರೆ ಅವಳಿಗೆ ಅನುಮಾನ ಬರಲ್ಲ ಅಂತ ಅಣ್ಣಾನೇ ಅಂದ್ರು." 

ನಾನು ಫೋನ್ ಇಟ್ಟೆ. ಆಮೇಲಿನ ಏಳು ದಿನ ಆ ಮನೆಯಲ್ಲಿ ಯಾರೂ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ನಾನು ರಘುವನ್ನು ಬೈದೆ, ಮಾಲಿನಿಯನ್ನು ಬೈದೆ, ಶಂಕರನಿಗೆ ದಿನಕ್ಕೆರಡು ಸಲ ಫೋನ್ ಮಾಡಿ ಬೈದೆ. ಪಾವನಿ ಮರ್ಸಿಯ ಜೊತೆ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ, ಸ್ವಾಹಿಲಿ ಅಂಕಿಗಳನ್ನು ಕಲಿಯುತ್ತಿದ್ದಳು. ಪಾಪದ ಹುಡುಗಿ, ಇವಳ ಪರವಾಗಿ ನಾನಾದರೂ ಇದ್ದೇನಲ್ಲ ಎಂದು ನನಗೆ ಸಮಾಧಾನ.

ಭಾನುವಾರದ ಸಭೆ

ಹೊರಡುವ ಹಿಂದಿನ ದಿನ ಭಾಷಣ. ನ್ಗಾರಾದ ಒಂದು ಸಮುದಾಯ ಭವನದಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಡಾಕ್ಟರುಗಳು, ಬ್ಯಾಂಕಿನವರು, ಕಂಪ್ಯೂಟರಿನವರು. ಮೊದಲು ಮಕ್ಕಳು ನಾಡಗೀತೆ ಹಾಡಿದರು. ಮುಂದಿನ ಸಾಲಿನಲ್ಲಿ ವಾಸುದೇವ್ ಅವರ ಮನೆಯವರು, ಪಕ್ಕದಲ್ಲಿ ರಘುವಿನ ಮನೆಯವರು, ಪಾವನಿ.

ನಾನು ಸಿದ್ಧ ಮಾಡಿಕೊಂಡಿದ್ದ ಭಾಷಣವನ್ನು ಚೀಲದಲ್ಲೇ ಬಿಟ್ಟು ಒಂದೇ ಕಥೆ ಹೇಳಿದೆ. ತುರ್ಕರ ಇನ್ನೊಂದು ಕುಲ ಉಯ್ಗುರರದು. ಅವರ ಸೈನ್ಯದ ನೆರವು ಬೇಕಾಗಿ ಚೀನಾದ ಚಕ್ರವರ್ತಿಯೊಬ್ಬ ಆ ಸಲ ಸ್ವಂತ ಮಗಳನ್ನೇ ಕಳಿಸಿದ. ಅವಳ ಜೊತೆಗಿರಲಿ ಎಂದು ತನ್ನ ವಂಶದ ಇನ್ನೊಂದು ಮನೆಯ ಹುಡುಗಿಯನ್ನೂ ಕಳಿಸಿದ. ಸ್ವಲ್ಪ ದಿನಕ್ಕೇ ಕಗಾನ ಸತ್ತ. ನೀನೂ ಗಂಡನ ಜೊತೆ ಸಾಯಬೇಕು ಎಂದು ಅಲ್ಲಿಯವರು ಹಟ ಹಿಡಿದರು. ಚಕ್ರವರ್ತಿಯ ಮಗಳು ಒಪ್ಪಲಿಲ್ಲ. ಅವರ ಶೋಕದ ಪದ್ಧತಿಯಂತೆ ಚಾಕುವಿನಿಂದ ಮುಖ ಕೊಯ್ದುಕೊಂಡು ಅತ್ತಳು, ಮಕ್ಕಳಿಲ್ಲವೆಂಬ ಕಾರಣಕ್ಕೆ ತವರಿಗೆ ವಾಪಸ್ಸು ಬಂದಳು. ಜೊತೆಗೆ ಹೋದವಳು? ಅವಳನ್ನು ಅಲ್ಲೇ ಬಿಟ್ಟು ಬಂದರು. ಅವಳು ಒಬ್ಬ ಕಗಾನ ಸತ್ತ ಮೇಲೆ ಇನ್ನೊಬ್ಬನಿಗೆ ಹೆಂಡತಿಯಾದಳು. ಹೆತ್ತ ಇಬ್ಬರು ಗಂಡುಮಕ್ಕಳನ್ನು ಮುಂದೆ ಪಟ್ಟಕ್ಕೆ ಬಂದವನು ಕೊಂದ. ಅವಳು ಅಲ್ಲೇ ಸತ್ತಳು. ಪುಸ್ತಕದಲ್ಲಿ ಅವಳಿಗೆ ಸ್ವಂತ ಹೆಸರಿಲ್ಲ. ವಾಪಸ್ಸು ಬಂದವಳ ಬಿರುದಿನ ಹಿಂದೆ 'ಚಿಕ್ಕ' ಎಂದು ಸೇರಿಸಿ ಬರೆದಿದ್ದಾರೆ, ಅಷ್ಟೆ.

"ಸ್ವಂತ ಮಗಳ ನೋವು ನಮಗೆ ತಿಳಿಯುತ್ತದೆ. ಮಗಳಿದ್ದ ಹಾಗೆ ಎಂದು ಕರೆದವಳ ನೋವು ತಿಳಿಯುವುದಿಲ್ಲ. ಇದು ಚೀನಾದ ಕಥೆಯಲ್ಲ" ಎಂದು ರಘುವನ್ನು ದುರುಗುಟ್ಟಿ ನೋಡಿ ಮುಗಿಸಿದೆ. ಜೋರು ಚಪ್ಪಾಳೆ ಬಿತ್ತು. ಸರೋಜಮ್ಮ ಕಣ್ಣೊರೆಸಿಕೊಂಡು, "ಎಷ್ಟು ಚಂದ ಹೇಳಿದ್ರಿ, ಆಗಿನ ಹೆಂಗಸರ ಕಷ್ಟ" ಎಂದರು. ಆಗಿನ ಹೆಂಗಸರು! ಮೂವತ್ತು ವರ್ಷ ಪಾಠ ಮಾಡಿದ್ದು ಇದಕ್ಕೇನಾ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

ವಂದನಾರ್ಪಣೆ ರಘುವಿನದು. ನನಗೆ ಶಾಲು ಹೊದಿಸಿದ. ಆಮೇಲೆ ಮೈಕಿನಲ್ಲಿ, "ಇದೇ ಸಂದರ್ಭದಲ್ಲಿ ಒಂದು ಸಂತೋಷದ ವಿಷಯ. ನನ್ನ ದೊಡ್ಡ ಮಗಳು ಪಾವನಿ..." ಎಂದು ಶುರು ಮಾಡಿದ. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಪಾವನಿ ಮೆಟ್ಟಿಲು ಹತ್ತಿ ಬಂದಿದ್ದಳು. ನಾಚಿಕೊಂಡು ಬರುತ್ತಿದ್ದಾಳೆ ಎಂದುಕೊಂಡು ರಘು ನಕ್ಕು ಮೈಕು ಕೊಟ್ಟ.

ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವಂತೆ ಮಾತಾಡುವ ದನಿ ಅವಳದು.

"ನಮಸ್ಕಾರ. ನನ್ನ ಹೆಸರು ಪಾವನಿ. ನಾನು ರಘು ದೊಡ್ಡಪ್ಪನ ಮಗಳಲ್ಲ. ನಮ್ಮಪ್ಪನ ಹೆಸರು ಶಂಕರ, ಅಮ್ಮನ ಹೆಸರು ಗೀತಾ. ಕೊಳ್ಳೇಗಾಲದಲ್ಲಿ ಬಸ್ ಸ್ಟ್ಯಾಂಡ್ ಹತ್ರ ನಮ್ಮ ಜೆರಾಕ್ಸ್ ಅಂಗಡಿ ಇದೆ. ನಾನು ಹೈಸ್ಕೂಲಲ್ಲಿ ಮ್ಯಾಥ್ಸ್ ಟೀಚರ್. ಈ ಮದುವೆ ನಂಗೆ ಬೇಡ. ಕಿರಣ್ ಅವರ ಮೇಲೆ ನಂಗೇನೂ ಬೇಜಾರಿಲ್ಲ. ನನ್ನ ಯಾರೂ ಕೇಳ್ಲಿಲ್ಲ, ಅದಕ್ಕೆ ಇಲ್ಲಿ ಹೇಳ್ತಾ ಇದೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಪ್ಪ ಕೇಳ್ಲಿಲ್ಲ, ದೊಡ್ಡಪ್ಪ ಕೇಳ್ಲಿಲ್ಲ. ಸುಮಿತ್ರತ್ತೆ ಎಂಟು ದಿನದಿಂದ ನಂಗೋಸ್ಕರ ಎಲ್ಲರ ಜೊತೆ ಜಗಳ ಆಡ್ತಿದಾರೆ. ಅವರೂ ಕೇಳ್ಲಿಲ್ಲ."

ಸತ್ಯ. ಬೈದೆ, ಕೂಗಾಡಿದೆ, ಭಾಷಣ ಬಿಗಿದೆ. ಆ ಬಾಗಿಲು ತಟ್ಟಿ, ನಿನಗೆ ಏನನಿಸುತ್ತಿದೆ ಮಗಳೇ ಎಂದು ಒಂದು ಸಲ ಕೇಳಲಿಲ್ಲ. ಅವಳು ಬೇಡ ಎನ್ನುತ್ತಾಳೆ ಎಂದು ನಾನೇ ತೀರ್ಮಾನಿಸಿದ್ದೆ, ಹೂಂ ಎನ್ನುತ್ತಾಳೆ ಎಂದು ರಘು ತೀರ್ಮಾನಿಸಿದ್ದ. ಹೊದಿಸಿದ್ದ ಶಾಲನ್ನು ಎಲ್ಲಿಡುವುದು ಎಂದು ತಿಳಿಯದೆ ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಇಶಾ ಒಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ವಾಸುದೇವ್ ದಂಪತಿ ಊಟಕ್ಕೆ ನಿಲ್ಲದೆ ಹೊರಟರು. ಕಿರಣ್ ಮಾತ್ರ ಬಾಗಿಲಿನಿಂದ ತಿರುಗಿ ಬಂದು ಪಾವನಿಗೆ, "ಸಾರಿ. ನಂಗೂ ಅವರು ಹೇಳಿದ್ದು ಹೋದ ವಾರವೇ" ಎಂದು ಹೇಳಿ ಹೋದ.

ವಿಮಾನ ನಿಲ್ದಾಣ

ಮರುದಿನ ರಘುವೇ ನಮ್ಮನ್ನು ಬಿಡಲು ಬಂದ. ಪಾವನಿ ಹಿಂದಿನ ಸೀಟಿನಲ್ಲಿ ಹೊರಗೆ ನೋಡುತ್ತ ಕೂತಿದ್ದಳು. ನಿಲ್ದಾಣದಲ್ಲಿ ಅವಳು ಟ್ರಾಲಿ ತರಲು ಇಳಿದು ಹೋದಾಗ ರಘು ನನ್ನ ಕಡೆ ತಿರುಗಿದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ನನ್ನ ಕೋಪ ಕರಗಲು ಸಿದ್ಧವಾಗಿಯೇ ಇತ್ತು, ಚಿಕ್ಕಂದಿನಲ್ಲಿ ನಾನು ಎತ್ತಿ ಆಡಿಸಿದ ತಮ್ಮ.

"ಅಕ್ಕ, ವಾಸುದೇವ್ ಅವರು ನಿನ್ನೆ ಸಂಜೆ ಫೋನ್ ಮಾಡಿದ್ರು. ಅವರಿಗೆ ಇನ್ನೂ ಮನಸ್ಸಿದೆ" ಎಂದ. "ಪಾವನಿ ಬೇಡ ಅಂದ್ಳು, ಮುಗೀತು, ನಾನು ಬಲವಂತ ಮಾಡೋನಲ್ಲ. ಆದ್ರೆ ಅವಳ ತಂಗಿ ನಿವೇದಿತಾಗೂ ಈಗ ಇಪ್ಪತ್ತು ಆಯ್ತಲ್ವಾ? ಈ ಸಲ ಎಲ್ಲ ನೇರವಾಗಿ ಮಾಡೋಣ. ನೀನೇ ಹೋಗಿ ಅವಳನ್ನ ಕೇಳು. ಕೇಳ್ಬೇಕಿತ್ತು ಅಂತ ತಾನೆ ನೀವೆಲ್ಲ ಹೇಳಿದ್ದು? ಡಿಸೆಂಬರಲ್ಲಿ ನೀನೇ ಜೊತೇಲಿ ಕರ್ಕೊಂಡು ಬಾ."

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಏನು ಬೈದೆ ಎಂದು ಇಲ್ಲಿ ಬರೆದರೆ ಅಚ್ಚು ಹಾಕುವವರಿಗೆ ಕಷ್ಟ. ಪಕ್ಕದ ಟ್ಯಾಕ್ಸಿಯವನು ಕಿಟಕಿ ಇಳಿಸಿ ನೋಡಿದ. ಕಾರಿನ ಬಾಗಿಲನ್ನು ಕಾರೇ ಅದುರುವಂತೆ ಬಡಿದು ಇಳಿದು ಬಂದೆ. ಎಲ್ಲಿಂದ ಕೇಳಿಸಿಕೊಂಡಳೋ, ಪಾವನಿ ಟ್ರಾಲಿ ಹಿಡಿದು ಕಾರಿನ ಹಿಂದೆಯೇ ನಿಂತಿದ್ದಳು. ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಜೋಡಿಸಿ, ಫೋನ್ ತೆಗೆದು ತಂಗಿಗೆ ಕರೆ ಮಾಡಿದಳು.

"ನಿವಿ, ಸರಿಯಾಗಿ ಕೇಳಿಸ್ಕೋ. ದೊಡ್ಡಪ್ಪ ಕರೆದ್ರೂ ಅಷ್ಟೇ, ಅಪ್ಪ ಹೋಗು ಅಂದ್ರೂ ಅಷ್ಟೇ, ಎಲ್ಲಿಗೂ ಹೊರಡ್ಬೇಡ. ಮೊದ್ಲು ನಂಗೆ ಫೋನ್ ಮಾಡು." ತಂಗಿ ಏನೋ ಕೇಳಿದಳು ಎಂದು ಕಾಣುತ್ತದೆ. ಪಾವನಿ ನನ್ನ ಮುಖ ನೋಡಿದಳು, ದನಿಯನ್ನೇನೂ ತಗ್ಗಿಸಲಿಲ್ಲ.

"ಹೂಂ. ಸುಮಿತ್ರತ್ತೆ ಜೊತೇಲಿ ಬರ್ತೀನಿ ಅಂದ್ರೂ ಅಷ್ಟೇ."